ಪೊಳ್ಳು ಮಾಮನ ಗಟ್ಟಿ ಬಂಡಿ

ಅವನಿಗೆ ಪೊಳ್ಳು ಅಂತ ಹೆಸರು ಬಿದ್ದದ್ದು ತಲೆ ಪೊಳ್ಳಾಗಿತ್ತು ಅಂತಲ್ಲ. ತಲೆ ಗಟ್ಟಿಯಾಗೇ ಇತ್ತು, ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಗಟ್ಟಿ. ಪೊಳ್ಳಾಗಿದ್ದದ್ದು ಅವನು ತುಂಬುತ್ತಿದ್ದ ಬಂಡಿ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವನ ಕೆಲಸ ಒಂದೇ. ಮದ್ದಿಟ್ಟು ಒಡೆದ ಕಲ್ಲನ್ನು ಸಲಿಕೆಯಲ್ಲಿ ಎತ್ತಿ ಹಳಿಯ ಮೇಲೆ ನಿಂತ ಕಬ್ಬಿಣದ ಬಂಡಿಗೆ ಹಾಕುವುದು. ತುಂಬಿದ್ದನ್ನು ದೂಡಿಕೊಂಡು ಹೋಗುವುದು, ಖಾಲಿ ತರುವುದು, ಮತ್ತೆ ತುಂಬುವುದು. ಮೊದಲು ಇಬ್ಬರು ಸೇರಿ ಒಂದು ಪಾಳಿಗೆ ಒಂಬತ್ತು ಬಂಡಿ ತುಂಬಿದರೆ ಸಾಕಿತ್ತು. ಒಂದು ಸೋಮವಾರ ಕಂಪನಿಯವರು ನೋಟೀಸ್ ಬೋರ್ಡಿಗೆ ಚೀಟಿ ಅಂಟಿಸಿ ಅದನ್ನು ಹನ್ನೆರಡು ಮಾಡಿದರು. ಹನ್ನೆರಡು ಮುಗಿಯದೆ ಯಾರೂ ಲಿಫ್ಟು ಹತ್ತುವಂತಿಲ್ಲ. ಆ ಚೀಟಿ ಬರೆದವನು ಹುಟ್ಟಿದಾಗಿನಿಂದ ಚಮಚಕ್ಕಿಂತ ದೊಡ್ಡ ಸಲಿಕೆ ಹಿಡಿದವನಲ್ಲ. ನಾವು ಮುಷ್ಕರ ಹೂಡಿದೆವು. ಗೇಟಿನ ಮುಂದೆ ಹದಿನೇಳು ದಿನ ಕೂತೆವು. ಗಂಟಲು ಹರಿಯುವ ತನಕ ಕೂಗಿದೆವು. ಹನ್ನೆರಡು ಹನ್ನೆರಡಾಗಿಯೇ ಉಳಿಯಿತು. ನಮ್ಮ ಭಾಷಣಗಳಿಂದ ಆಗದ ಕೆಲಸವನ್ನು ಪೊಳ್ಳು ಬಾಯಿ ಬಿಡದೆ ಕೈಯಲ್ಲಿ ಮಾಡಿಬಿಟ್ಟ.

ಅವನ ವಿದ್ಯೆ ಹೀಗಿತ್ತು. ಬಂಡಿಯ ತಳದಲ್ಲಿ ನಾಲ್ಕು ದೊಡ್ಡ ಚಪ್ಪಟೆ ಕಲ್ಲುಗಳನ್ನು ಗುಡಿಸಲಿನ ಸೂರಿನ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸುವುದು. ಅದರ ಮೇಲೆ ಮಧ್ಯಮ ಕಲ್ಲು, ಅದರ ಮೇಲೆ ಜಲ್ಲಿ, ಕೊನೆಗೆ ಪುಡಿ. ಮೇಲಿನಿಂದ ನೋಡಿದರೆ ಅಂಚಿನ ತನಕ ತುಂಬಿದ ಬಂಡಿ. ಒಳಗೆ ಒಂದು ನಾಯಿ ಮರಿಹಾಕಿ ಮಲಗುವಷ್ಟು ಜಾಗ. ಹಳಿಯ ಕೀಲುಗಳ ಮೇಲೆ ಧಡಧಡ ಅಂತ ದೂಡಿಕೊಂಡು ಹೋದರೂ ಆ ಸೂರು ಕುಸಿಯಬಾರದು. ಗಟ್ಟಿ ಬಂಡಿಯನ್ನು ಯಾವ ಕತ್ತೆ ಬೇಕಾದರೂ ತುಂಬುತ್ತದೆ, ಪೊಳ್ಳು ಬಂಡಿಗೆ ಬುದ್ಧಿ ಬೇಕು. ಒಂದು ತಿಂಗಳೊಳಗೆ ಗಣಿಯೆಲ್ಲ ಈ ವಿದ್ಯೆ ಕಲಿಯಿತು. ಕಂಪನಿಗೆ ಅದರ ಹನ್ನೆರಡು ಸಿಕ್ಕಿತು, ನಮಗೆ ನಮ್ಮ ಒಂಬತ್ತು ಉಳಿಯಿತು. ಇದನ್ನು ಕಳ್ಳತನ ಅನ್ನುವವರು ಒಂದು ಪಾಳಿ ಕೆಳಗಿಳಿದು ಬಂದು ಆಮೇಲೆ ಹೇಳಲಿ. ನಮ್ಮಲ್ಲೂ ಒಂದು ಕಟ್ಟಳೆ ಇತ್ತು. ಮೈ ಸರಿಯಿಲ್ಲದ ಜೊತೆಗಾರನ ಪಾಲಿನ ಬಂಡಿ ತುಂಬುವಾಗ ಪೊಳ್ಳಾಟ ಕೂಡದು, ಸಿಕ್ಕಿಬಿದ್ದರೆ ಹೆಸರು ಕೆಡುವುದು ಅವನದು. ಕಂಪನಿಗೆ ಪೊಳ್ಳು, ಜೊತೆಗಾರನಿಗೆ ಗಟ್ಟಿ.

ಬಂಡಿಗಳನ್ನು ಎಣಿಸಿ ಒಪ್ಪಿಕೊಳ್ಳುವ ಚೆಕ್ಕರ್ ಒಬ್ಬನಿದ್ದ. ಕೈಯಲ್ಲಿ ಸದಾ ಬಿದಿರಿನ ಕೋಲು, ಹಾಗಾಗಿ ಅವನ ಹೆಸರೂ ಕೋಲು. ಬಂಡಿಯ ಪಕ್ಕಕ್ಕೆ ಕೋಲಿನಿಂದ ಬಡಿದು ಕಿವಿಗೊಡುತ್ತಿದ್ದ. ಗಟ್ಟಿಯಾಗಿದ್ದರೆ ದಪ್ ಅನ್ನುತ್ತದೆ, ಪೊಳ್ಳಾಗಿದ್ದರೆ ಡಣ್. ಪೊಳ್ಳು ಇದಕ್ಕೂ ಮದ್ದು ಹುಡುಕಿದ್ದ. ಬಂಡಿಯ ಒಳಗೋಡೆಗೆ ಹಸಿ ಮಣ್ಣು ಮೆತ್ತಿಬಿಡುತ್ತಿದ್ದ, ಸದ್ದು ಅಲ್ಲೇ ಸಾಯುತ್ತಿತ್ತು. ಹತ್ತೊಂಬತ್ತು ವರ್ಷ ಕೋಲು ಬಡಿದ, ಹತ್ತೊಂಬತ್ತು ವರ್ಷ ದಪ್ ಅಂತ ಕೇಳಿಸಿಕೊಂಡ. ಅನುಮಾನ ಮಾತ್ರ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಸಿಕ್ಕಿಬಿದ್ದಿದ್ದರೆ ಪದ್ಧತಿ ಇದ್ದದ್ದು ಇಷ್ಟೇ: ಬಂಡಿಯೊಳಗಿನ ಸೂರನ್ನು ಅಲ್ಲೇ ಕೆಡವಿ, ಕುಸಿದಷ್ಟು ತುಂಬಿಸಿ, ಆಮೇಲೆ ಎಣಿಸುವುದು. ಆದರೆ ಸಿಕ್ಕಿಬೀಳುವುದೇ ಇಲ್ಲವಲ್ಲ.

ಆಮೇಲೆ ಗಣಿ ಮುಚ್ಚಿತು. ಅಷ್ಟು ಹೊತ್ತಿಗೆ ಕೋಲಿನ ಮಗ ಪೊಳ್ಳಿನ ಮಗಳನ್ನು ಮದುವೆಯಾಗುತ್ತೇನೆ ಅಂತ ಹಟ ಹಿಡಿದು ಕೂತಿದ್ದ. ಇಬ್ಬರೂ ಬೀಗರಾದರು. ಮದುವೆ ಊಟ ಮುಗಿದು ಕೈತೊಳೆಯುವ ಕಡೆ ಕೋಲು ಮೆಲ್ಲಗೆ ಪಕ್ಕಕ್ಕೆ ಬಂದು, ಈಗ ನಾವು ನೆಂಟರಾದೆವು, ಇನ್ನಾದರೂ ನಿಜ ಹೇಳಿ ಅಂದನಂತೆ. ಪೊಳ್ಳು ಬಾಯಿ ಮುಕ್ಕಳಿಸಿ ಉಗಿದು, "ಯಾವ ಬಂಡಿ ಬೀಗರೇ? ನನಗೆ ಪೊಳ್ಳು ಅಂದ್ರೇನು ಅಂತಾನೇ ಗೊತ್ತಿಲ್ಲ" ಅಂದ. ಊರಿಗೆ ಊರೇ ಅವನನ್ನು ಪೊಳ್ಳು ಅಂತ ಕರೆಯುತ್ತಿದ್ದಾಗ.

ಕೆಲಸ ಹೋದ ಮೇಲೆ ಅವನು ಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುತ್ತಾ ಹತ್ತು ವರ್ಷ ಕಳೆದ. ಅವಳು ಅದಿರು ಆರಿಸುವ ಬೆಲ್ಟಿನ ಮುಂದೆ ಇಪ್ಪತ್ತು ವರ್ಷ ನಿಂತ ಹೆಂಗಸು. ಕಣ್ಣಿಗೆ ಕಲ್ಲು ಯಾವುದು, ಅದಿರು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ, ಗಂಡನ ವಿಷಯದಲ್ಲೂ ಅಷ್ಟೇ. ಸೌದೆ ಪೆಟ್ಟಿಗೆ ತುಂಬಿಡಿ ಅಂತ ಅವನಿಗೆ ಹೇಳಿದರೆ ತುಂಬಿಡುತ್ತಿದ್ದ. ಹದಿನೈದು ದಿನಕ್ಕೆ ಬರಬೇಕಾದ ಸೌದೆ ಹತ್ತೇ ದಿನಕ್ಕೆ ಮುಗಿದುಹೋಗುತ್ತಿತ್ತು. ಅವಳು ಮೊದಮೊದಲು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟಳು. ಒಂದು ದಿನ ಕೈ ಹಾಕಿ ನೋಡಿದರೆ ಪೆಟ್ಟಿಗೆಯ ನಡುವೆ ಗಾಳಿ.

ಇಂಥವನ ಮನೆ ಬಾಗಿಲಿಗೆ ಒಂದು ದಿನ ಗಣಿ ಕಾಲೇಜಿನ ಹುಡುಗಿಯೊಬ್ಬಳು ಬಂದು ನಿಂತಳು. ಕುತ್ತಿಗೆಗೆ ಅಳತೆ ಪಟ್ಟಿ ನೇತುಹಾಕಿಕೊಂಡಿದ್ದಳು. ಕಂಡದ್ದನ್ನೆಲ್ಲ ಅಳೆಯುವ ಚಟವಿದ್ದದ್ದರಿಂದ ಗೆಳತಿಯರು ಅವಳಿಗೆ ಮೀಟರ್ ಅಂತ ಹೆಸರಿಟ್ಟಿದ್ದರು. ಬಂದವಳೇ ಬಾಗಿಲಿನ ಅಗಲ ನೋಡಿ, ಇದರಲ್ಲಿ ಬಂಡಿ ಹಿಡಿಸುವುದಿಲ್ಲ ಅಂದಳು.

ವಿಷಯ ಏನೆಂದರೆ, ಗಣಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ವರ್ಷಕ್ಕೊಮ್ಮೆ ಹಳೇ ಕಸುಬುಗಳ ಸ್ಪರ್ಧೆ ನಡೆಯುತ್ತದೆ. ಉಳಿ ಸುತ್ತಿಗೆಯಲ್ಲಿ ಬಂಡೆಗೆ ತೂತು ಕೊರೆಯುವುದು, ಗರಗಸದಲ್ಲಿ ದಿಮ್ಮಿ ಕೊಯ್ಯುವುದು, ಬೋಗುಣಿಯಲ್ಲಿ ಮರಳು ತೊಳೆದು ಲೋಹದ ಚೂರು ಹುಡುಕುವುದು, ಸಲಿಕೆಯಲ್ಲಿ ಬಂಡಿ ತುಂಬಿ ದೂಡುವುದು. ನಾಳೆ ಗುಂಡಿ ಒತ್ತಿ ಯಂತ್ರ ಓಡಿಸುವ ಮಕ್ಕಳು ಇವರು. ನಮ್ಮ ಬೆನ್ನು ಮುರಿದ ಕೆಲಸಕ್ಕೆ ಈಗ ಕಪ್, ಪದಕ, ಬಣ್ಣದ ಬನಿಯನ್ನು. ಮೊದಲು ಕೇಳಿದಾಗ ನಮಗೆಲ್ಲ ಮೈ ಉರಿಯಿತು. ಆಮೇಲೆ ಹೋಗಿ ನೋಡಿದೆವು, ಮಜವಾಗಿತ್ತು.

ಮೀಟರ್ ತನ್ನ ಜೊತೆ ಇನ್ನೂ ನಾಲ್ಕು ಹುಡುಗಿಯರನ್ನು ಸೇರಿಸಿ ಬಂಡಿ ತುಂಬುವ ತಂಡ ಕಟ್ಟಿದ್ದಳು. ಆ ಕಾಲೇಜಿನಲ್ಲಿ ಹುಡುಗಿಯರ ತಂಡ ಅಂತ ಇದ್ದದ್ದೇ ಇಲ್ಲ. ಪ್ರಿನ್ಸಿಪಾಲರು ಒಂದು ವರ್ಷದ ಮಟ್ಟಿಗೆ ಒಪ್ಪಿ ಕಾಗದದಲ್ಲಿ ಬರೆದುಕೊಟ್ಟಿದ್ದರು: ಎಂಟು ತಂಡಗಳಲ್ಲಿ ಮೊದಲ ಮೂರರೊಳಗೆ ಬಂದರೆ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷದಿಂದ ಆ ಜಾಗ ಹುಡುಗರ ಎರಡನೇ ತಂಡಕ್ಕೆ. ಹುಡುಗರು ಆಗಲೇ ಹೆಸರು ಬರೆಸಿ ಕಾಯುತ್ತಿದ್ದರು. ಬಂಡಿ ತುಂಬುವುದನ್ನು ಕಲಿಸಿಕೊಡಿ ಅಂತ ಕೇಳಲು ಅವಳು ಬಂದಿದ್ದಳು.

"ಹೋಗಿ ಕಲಿಸಿ ಬನ್ನಿ," ಅಂದಳು ಹೆಂಡತಿ, "ಇಲ್ಲಿದ್ದರೆ ನನ್ನ ಸೌದೆ ಪೆಟ್ಟಿಗೆಗೇ ಕೈ ಹಾಕ್ತೀರಿ."

ಪೊಳ್ಳು ಒಪ್ಪಿದ. ಒಪ್ಪುವಾಗ ಎದೆ ಸೆಟೆಸಿ ಒಂದು ಮಾತು ಹೇಳಿದ: ಮಕ್ಕಳು ಮಕ್ಕಳ ಜೊತೆ ಆಡುವ ಆಟ ಇದು, ಎದುರಿಗಿರುವುದು ಕಂಪನಿಯಲ್ಲ, ಹಾಗಾಗಿ ತಾನು ಕಲಿಸುವುದು ಗಟ್ಟಿ ಕೆಲಸ, ಬೇರೆ ಯಾವ ಆಟವೂ ನಡೆಯುವುದಿಲ್ಲ. ಮೀಟರ್‌ಗೆ ಬೇರೆ ಆಟ ಅಂದರೇನು ಅಂತ ಗೊತ್ತಾಗಲಿಲ್ಲ. ಒಳಗಿಂದ ಹೆಂಡತಿ ನಕ್ಕದ್ದು ಮಾತ್ರ ಕೇಳಿಸಿತು.

ಕಾಲೇಜಿನ ವರ್ಕ್‌ಶಾಪಿನ ಹಿಂದೆ ಗ್ರೀಸಿನ ವಾಸನೆಯ ಒಂದು ಅಂಗಳ. ಅಲ್ಲಿ ತುಕ್ಕು ಹಿಡಿದ ಬಂಡಿ, ನಾಲ್ಕು ಮಾರು ಹಳಿ, ಒಂದು ಕಲ್ಲುರಾಶಿ. ಪೊಳ್ಳು ದಿನಾ ಬೆಳಿಗ್ಗೆ ಆರೂವರೆಗೆ ಹಾಜರು. ಕಲ್ಲುರಾಶಿಯ ಕೆಳಗೆ ತಗಡು ಹಾಸಿಸಿದ, ಸಲಿಕೆ ಸಲೀಸಾಗಿ ಜಾರಲಿ ಅಂತ. ಬೆನ್ನಿಂದ ಎತ್ತಬೇಡಿ, ತೊಡೆ ಕೊಟ್ಟು ನೂಕಿ ಅಂತ ಕಲಿಸಿದ. ಎತ್ತುವಾಗ ಉಸಿರು ಬಿಡಿ, ಬಾಯಿ ಮುಚ್ಚಿ, ಮಾತಾಡುವವರ ಬಂಡಿ ತುಂಬುವುದಿಲ್ಲ ಅಂತ ಗದರಿದ. ಮೊದಲ ವಾರ ಹುಡುಗಿಯರ ಅಂಗೈಯೆಲ್ಲ ಬೊಬ್ಬೆ. ಒಬ್ಬಳು ಸಲಿಕೆ ಎಸೆದು, ತಾನು ಅಡುಗೆಮನೆ ಸೌಟೇ ಹಿಡಿಯಲ್ಲ ಅಂತ ಮನೆ ಬಿಟ್ಟು ಓದಲು ಬಂದವಳು, ಇಲ್ಲಿ ಬಂದು ಇದನ್ನು ಹಿಡಿಯಬೇಕಾಯಿತು ಅಂದಳು. ಮಾರನೇ ದಿನ ಎಲ್ಲರಿಗಿಂತ ಮುಂಚೆ ಬಂದವಳು ಅವಳೇ.

ಕಲ್ಲು ಜೋಡಿಸುವುದನ್ನೂ ಕಲಿಸಿದ. ದೊಡ್ಡವನ್ನು ಮೊದಲು ಕೈಯಲ್ಲೇ ಇಡಿ, ಒಂದಕ್ಕೊಂದು ಒರಗಿಸಿ ಇಡಿ, ಕಲ್ಲಿಗೂ ಒರಗಲು ಗೆಳೆಯ ಬೇಕು, ಆಮೇಲೆ ಮಧ್ಯಮದ್ದು, ಆಮೇಲೆ ಜಲ್ಲಿ. ಹೀಗೆ ಮಾಡಿದರೆ ಬೇಗ ಆಗುತ್ತದೆ ಅಂದ. ಬೇಗ ಆಗದೆ ಏನು. ಹನ್ನೊಂದು ನಿಮಿಷ ಹಿಡಿಯುತ್ತಿದ್ದದ್ದು ಏಳಕ್ಕೆ ಬಂತು, ಏಳು ಐದೂವರೆಯಾಯಿತು, ಕೊನೆಗೆ ಐದಕ್ಕೂ ಒಳಗೆ ಬಂತು. ಮೀಟರ್ ಬಂಡಿಯ ಉದ್ದ, ಅಗಲ, ಆಳ, ಸಲಿಕೆಯ ಬಾಯಿ, ತನ್ನ ಗೆಳತಿಯರ ತೋಳು, ಎಲ್ಲವನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ತೂಗುವ ಯಂತ್ರ ಅಂಗಳದಲ್ಲಿ ಇರಲಿಲ್ಲ, ಅದೊಂದು ಉಳಿದುಹೋಯಿತು.

ಬಂಡಿ ದಿನದಿಂದ ದಿನಕ್ಕೆ ಹಗುರವಾಗುತ್ತಿದೆ ಮಾಮ ಅಂತ ಹುಡುಗಿಯರು ಹೇಳಿದರು. ನಿಮ್ಮ ಮೈ ಗಟ್ಟಿಯಾಗುತ್ತಿದೆ ಅಂತ ಮಾಮ ಹೇಳಿದ. ನಂಬಿಯೇ ಹೇಳಿದ. ಅವನ ಮೇಲೆ ಆಣೆ ಇಟ್ಟು ಹೇಳಬಹುದು, ಆ ಮನುಷ್ಯನಿಗೆ ತಾನು ಏನು ಕಲಿಸುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಹಸಿ ಮಣ್ಣು ಮೆತ್ತುವುದು ಬೇಕಂತಲೇ ಮಾಡುತ್ತಿದ್ದ ಕಳ್ಳಾಟ, ಅದನ್ನು ಅವನು ಹೇಳಿಕೊಡಲಿಲ್ಲ. ಕಲ್ಲು ಒರಗಿಸುವುದು ಮಾತ್ರ ಅವನ ಕೈಗೆ ಉಸಿರಾಟದ ಹಾಗೆ ಆಗಿಹೋಗಿತ್ತು. ಬಂಡಿ ತುಂಬುವುದು ಅಂದರೆ ಹೀಗೇ ಅಂತ ಕೈ ತಿಳಿದುಕೊಂಡಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಲಿತ ಗುಣ ಅದಕ್ಕಿಂತ ಕೆಟ್ಟದ್ದು.

ಸ್ಪರ್ಧೆಯ ದಿನ ಮೈದಾನದಲ್ಲಿ ಹುಲ್ಲಿನ ಮೇಲೆ ಹಳಿ ಹಾಸಿದ್ದರು. ಒಂದು ಕಡೆ ಕಲ್ಲುರಾಶಿ, ಇಪ್ಪತ್ತು ಮಾರು ಆಚೆ ಒಂದು ಮರದ ತಡೆ. ಬಂಡಿಯೊಳಗೆ ಬಿಳಿ ಗೆರೆ ಎಳೆದಿತ್ತು, ಅಲ್ಲಿಯ ತನಕ ತುಂಬಬೇಕು. ತೀರ್ಪುಗಾರ ನೋಡಿ ಸೈ ಅಂದರೆ ದೂಡಬೇಕು. ಚಕ್ರ ಮರದ ತಡೆಗೆ ತಾಗಿದಾಗ ಗಡಿಯಾರ ನಿಲ್ಲುತ್ತದೆ, ಅದಕ್ಕೆ ಮುಂಚೆ ಯಾವ ಕಾರಣಕ್ಕೂ ನಿಲ್ಲುವುದಿಲ್ಲ. ಇಂಥದಕ್ಕೆ ಗಣಿಯ ಅನುಭವಸ್ಥರೇ ಇರಲಿ ಅಂತ ಸಂಘಟಕರು ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಿದ್ದು ಯಾರನ್ನು ಅಂತ ಬೇರೆ ಹೇಳಬೇಕೆ? ಕೋಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಲು ಹಿಡಿದು ಬಂದಿದ್ದ. ಬೀಗರಿಬ್ಬರೂ ದೂರದಿಂದಲೇ ಕೈಮುಗಿದರು.

ಹಗ್ಗದ ಈಚೆ ಬೆಂಚುಗಳ ಮೇಲೆ ನಾವು ಹಳೇ ಗಣಿಯವರು ಮೂವತ್ತು ಮಂದಿ ಕೂತಿದ್ದೆವು. ಪೊಳ್ಳಿನ ಹೆಂಡತಿ ಮುಂದಿನ ಸಾಲಿನಲ್ಲಿ. ಹುಡುಗಿಯರ ಸರದಿ ಎಲ್ಲಕ್ಕಿಂತ ಕೊನೆಗೆ ಬಂತು. ಅಷ್ಟರಲ್ಲಿ ಏಳು ತಂಡ ಮುಗಿದು, ಮೂರನೇ ಸ್ಥಾನದಲ್ಲಿದ್ದವರ ಸಮಯ ಆರು ನಿಮಿಷ ಐವತ್ತು ಸೆಕೆಂಡು ಅಂತ ಹಲಗೆಯ ಮೇಲೆ ಬರೆದಿತ್ತು. ಅದನ್ನು ಮುರಿದರೆ ತಂಡ ಉಳಿಯಿತು. ಮೀಟರ್ ಹಲಗೆ ನೋಡಿ ಗೆಳತಿಯರಿಗೆ ಕಣ್ಣು ಹೊಡೆದಳು. ಅವರ ರೂಢಿಗೆ ಅದು ದಂಡಿ ಸಮಯ.

ಸೀಟಿ ಊದಿತು. ಐದು ಸಲಿಕೆ ಒಂದೇ ತಾಳದಲ್ಲಿ ಎದ್ದವು. ನಾಲ್ಕು ನಿಮಿಷ ಮೂವತ್ತೈದು ಸೆಕೆಂಡಿಗೆ ಬಂಡಿ ಬಿಳಿ ಗೆರೆ ಮುಟ್ಟಿತು. ಜನ ಎದ್ದು ನಿಂತರು. ಕೋಲು ನಿಧಾನವಾಗಿ ಬಂದ, ಗೆರೆ ನೋಡಿದ, ತಲೆಯಾಡಿಸಿದ, ಹಳೇ ಚಾಳಿಯಂತೆ ಬಂಡಿಯ ಪಕ್ಕಕ್ಕೆ ಒಂದು ಬಡಿದ.

ಡಣ್.

ಆ ಸದ್ದು ಕೇಳಿ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಮೊಮ್ಮಗು ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ ಅಂತ ಪೊಳ್ಳಿನ ಹೆಂಡತಿ ಆಮೇಲೆ ಹೇಳಿದಳು. ಅವನು ಇನ್ನೊಮ್ಮೆ ಬಡಿದ. ಮೂರನೇ ಸಲ ಬಡಿದು ಕಬ್ಬಿಣಕ್ಕೆ ಕಿವಿ ಹಚ್ಚಿದ. ನಮ್ಮ ಬೆಂಚಿನಲ್ಲಿ ಮೂವತ್ತು ಮಂದಿಯೂ ಒಟ್ಟಿಗೆ ಆಕಾಶ ನೋಡತೊಡಗಿದೆವು, ಅಲ್ಲಿ ಏನೋ ಹಾರುತ್ತಿದೆ ಅನ್ನುವ ಹಾಗೆ.

ಬಂಡಿ ಪೊಳ್ಳು ಅಂತ ಕೋಲು ಸಾರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಪೊಳ್ಳು ಹಗ್ಗ ಹಾರಿ ಓಡಿದ. ಯಾರು ಹೇಳಿದ್ದು ಪೊಳ್ಳು ಅಂತ, ಕಿವಿಯಲ್ಲಿ ಗುಗ್ಗೆ ತುಂಬಿದೆ, ಇನ್ನೊಂದು ಸಲ ಬಡೀರಿ ಅಂದ. ಕೋಲು ಬಡಿದ. ಅದು ಬಂಡಿಯ ತಗಡಿನ ದೋಷ ಅಂದ ಪೊಳ್ಳು. ಹತ್ತೊಂಬತ್ತು ವರ್ಷ ಅಭ್ಯಾಸವಾದ ನಾಲಿಗೆ, ಒಂದು ನೆವ ಮುಗಿಯುವುದರೊಳಗೆ ಇನ್ನೊಂದು ಸಿದ್ಧವಿತ್ತು. ಗಡಿಯಾರ ಐದು ನಿಮಿಷ ದಾಟಿತು.

ಕೋಲು ಅವನನ್ನು ತಡೆದು ನ್ಯಾಯ ಹೇಳಿದ. "ನೋಡಿ ಬೀಗರೇ, ಪೊಳ್ಳು ಅಂತ ಒಪ್ಕೊಂಡ್ರೆ ಗಣಿ ಪದ್ಧತಿ ಮಾಡ್ತೀನಿ, ಕೆಡವಿ ತುಂಬಿಸಿ ಕಳಿಸ್ತೀನಿ. ಅಲ್ಲ ಅಂತೀರಾ, ಬಂಡಿ ಇಲ್ಲೇ ನಿಲ್ಲುತ್ತೆ. ಸಮಿತಿಯೋರು ಬಂದು ನೋಡ್ಲಿ."

ಸಮಿತಿಯವರು ಊಟಕ್ಕೆ ಹೋಗಿದ್ದರು. ಅವರು ಕೈತೊಳೆದು ಬರುವಷ್ಟರಲ್ಲಿ ತಂಡ ಸತ್ತಿರುತ್ತಿತ್ತು.

ಪೊಳ್ಳು ಮತ್ತೊಮ್ಮೆ ಅಲ್ಲ ಅನ್ನಲು ಬಾಯಿ ತೆರೆದ. ಅದೇ ಹೊತ್ತಿಗೆ ಅವನ ಕೈ ಬಂಡಿಯ ಮೇಲಿನ ಕಲ್ಲುಗಳ ಮೇಲೆ ಹೋಯಿತು. ಪುಡಿ ಸರಿಸಿದ. ಮಧ್ಯಮ ಕಲ್ಲು ಹೇಗೆ ಕೂತಿದೆ, ಅದರ ಕೆಳಗೆ ದೊಡ್ಡದು ಹೇಗೆ ಒರಗಿದೆ ಅಂತ ಕಂಡ. ಬೇರೆಯವರ ಮನೆಯಲ್ಲಿ ತನ್ನದೇ ಕೈಬರಹದ ಕಾಗದ ಸಿಕ್ಕವನ ಹಾಗೆ ನಿಂತುಬಿಟ್ಟ.

ಒಪ್ಪಿಕೊಂಡರೆ ಹೋಗುವುದು ಅವನೊಬ್ಬನ ಮಾನವಲ್ಲ. ಹತ್ತೊಂಬತ್ತು ವರ್ಷದ ಅಷ್ಟೂ ಬಂಡಿಗಳ ಮಾತು ಬರುತ್ತದೆ, ಬೆಂಚಿನ ಮೇಲೆ ಆಕಾಶ ನೋಡುತ್ತ ಕೂತ ಮೂವತ್ತು ಮುದುಕರ ಮಾತು ಬರುತ್ತದೆ. ಅದೂ ಬೀಗನ ಎದುರಿಗೆ. ನಮ್ಮ ಕಡೆ ತಿರುಗಿ ನೋಡಿದ. ನಾವು ಯಾರೂ ಸಹಾಯ ಮಾಡಲಿಲ್ಲ. ಹೋರಾಟಗಾರರು ಅಂತ ಎದೆ ತಟ್ಟಿಕೊಳ್ಳುವ ನಾವು ಆ ಹೊತ್ತಿನಲ್ಲಿ ಇದ್ದದ್ದು ಹೀಗೆ.

"ಮಾಮ," ಅಂದಳು ಮೀಟರ್. "ಇದು ಪೊಳ್ಳಾ ಅಲ್ವಾ, ಒಂದು ಹೇಳಿಬಿಡಿ. ಗಡಿಯಾರ ಓಡ್ತಾ ಇದೆ."

"ಪೊಳ್ಳು," ಅಂದ ಅವನು. "ನಾನೇ ಕಲ್ಸಿದ್ದು. ಮಕ್ಕಳಿಗೆ ಗೊತ್ತಿಲ್ಲ. ಈಗ ನನ್ನ ಕೈಗೆ ಬೇರೆ ಥರ ತುಂಬೋಕೇ ಬರಲ್ಲ."

ಕೋಲು ಕದಲಲಿಲ್ಲ. "ಆವತ್ತಿನವು?"

"ಆವತ್ತಿನವೂ ಪೊಳ್ಳೇ. ಹನ್ನೆರಡಕ್ಕೆ ಹನ್ನೆರಡೂ. ಈಗ ಪಕ್ಕಕ್ಕೆ ಸರೀರಿ ಬೀಗರೇ, ತುಂಬಲಿ."

ಕೋಲು ಸರಿದ. ಗಡಿಯಾರ ಐದು ನಿಮಿಷ ಇಪ್ಪತ್ತು ಸೆಕೆಂಡು. ಎಡಗಡೆ ಮೂಲೆಯ ಕಲ್ಲಿಗೆ ಹಾರೆ ಹಾಕಿ ಮೀಟಿ ಅಂತ ಪೊಳ್ಳು ಹೇಳಿದ. ಒಂದೇ ಮೀಟಿಗೆ ಒಳಗಿನ ಸೂರು ಕುಸಿದು ಧೂಳೆದ್ದಿತು, ಗೆರೆಯಿಂದ ಕಲ್ಲು ಕಾಲು ಪಾಲು ಕೆಳಗಿಳಿಯಿತು. ಹುಡುಗಿಯರು ಜೋಡಿಸುವ ಗೋಜಿಗೇ ಹೋಗಲಿಲ್ಲ, ಸಿಕ್ಕಿದ್ದನ್ನೆಲ್ಲ ಬಾಚಿ ಸುರಿದರು. ಆರು ನಿಮಿಷ ಹತ್ತಕ್ಕೆ ಮತ್ತೆ ಬಿಳಿ ಗೆರೆ. ಕೋಲು ಬಡಿದ, ದಪ್ ಅಂದಿತು, ಸೈ ಅಂದ.

ಐವರೂ ಬಂಡಿಗೆ ಕೈಕೊಟ್ಟು ದೂಡಿದರು. ಬಂಡಿ ಅಲ್ಲಾಡಲಿಲ್ಲ.

ಗಟ್ಟಿ ಬಂಡಿ ಅಂದರೆ ಏನು ತೂಕ ಅಂತ ಅವರಿಗೆ ಆವತ್ತೇ ಗೊತ್ತಾದದ್ದು. ತಿಂಗಳುಗಟ್ಟಲೆ ಅವರು ದೂಡಿದ್ದು ಮುಕ್ಕಾಲು ಕಲ್ಲು, ಕಾಲು ಗಾಳಿ. ಒಬ್ಬಳ ಕಾಲು ಜಾರಿ ಮೊಣಕಾಲು ಹಳಿಗೆ ಬಡಿಯಿತು. ದೂಡುವುದಕ್ಕೆ ಪೊಳ್ಳು ಕೈ ಹಚ್ಚುವಂತಿಲ್ಲ, ಕಲಿಸುವವರು ದೂಡಿದರೆ ತಂಡ ಹೊರಗೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಿರುಗಿ ನಿಲ್ಲಿ, ಬೆನ್ನು ಕೊಡಿ, ಹಿಮ್ಮಡಿಯನ್ನು ಹಳಿಯ ಅಡ್ಡಮರಕ್ಕೆ ಕಚ್ಚಿಸಿ ಅಂತ ಒದರಿದ. ಅಷ್ಟರಲ್ಲಿ ಅವನ ಹೆಂಡತಿ ಎದ್ದು ನಿಂತು, ಅವರ ಮಾತು ಒಂದು ಸಲ ಕೇಳಿ ಕೆಟ್ಟಿದ್ದೀರಿ, ಇನ್ನೊಂದು ಸಲ ಕೇಳಿ ಅಂದಳು. ಹುಡುಗಿಯರು ತಿರುಗಿ ಬೆನ್ನು ಕೊಟ್ಟರು. ಚಕ್ರ ಒಮ್ಮೆ ಕಿರ್ ಅಂದು ಉರುಳಿತು. ಉರುಳಿದ ಮೇಲೆ ಆ ತೂಕವೇ ಅದನ್ನು ಎಳೆದುಕೊಂಡು ಹೋಯಿತು, ಕೊನೆಗೆ ಹುಡುಗಿಯರೇ ಬಂಡಿಯ ಹಿಂದೆ ಓಡಬೇಕಾಯಿತು. ಮರದ ತಡೆಗೆ ಚಕ್ರ ಬಡಿದಾಗ ಗಡಿಯಾರದಲ್ಲಿ ಆರು ನಿಮಿಷ ನಲವತ್ತೇಳು ಸೆಕೆಂಡು.

ಮೂರು ಸೆಕೆಂಡಿನ ಅಂತರದಲ್ಲಿ ಮೂರನೇ ಸ್ಥಾನ. ನಾಲ್ಕಕ್ಕಿಳಿದ ತಂಡದವರು ತಕರಾರು ತೆಗೆದರು. ಗೆರೆ ತುಂಬಿತ್ತು, ಬಂಡಿ ಗಟ್ಟಿಯಿತ್ತು, ಗಡಿಯಾರ ಒಂದು ಕ್ಷಣವೂ ನಿಂತಿಲ್ಲ, ಇನ್ನೇನು ಬೇಕು ಅಂತ ಕೋಲು ಕೇಳಿದ. ಊಟ ಮುಗಿಸಿ ಬಂದ ಸಮಿತಿಯವರು ಹಲ್ಲಿನ ಸಂದು ಕೆದಕುತ್ತಾ ಸಹಿ ಹಾಕಿದರು. ಪ್ರಿನ್ಸಿಪಾಲರಿಗೆ ಅವರದೇ ಕಾಗದವನ್ನು ಮೀಟರ್ ಮಡಿಕೆ ಬಿಡಿಸಿ ತೋರಿಸಿದಳು. ಅವರು ಎರಡು ಸಲ ಓದಿದರು, ಬರೆದದ್ದು ತಾವೇ ಆದ್ದರಿಂದ ಒಪ್ಪಲೇಬೇಕಾಯಿತು. ತಂಡ ಉಳಿಯಿತು.

ಆಮೇಲೆ ಮೀಟರ್ ಪೊಳ್ಳಿನ ಹತ್ತಿರ ಬಂದು ನಿಂತಳು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. ನಾಲ್ಕು ತಿಂಗಳು ನಮಗೆ ಗಾಳಿ ತುಂಬಿಸೋದು ಕಲಿಸಿದಿರಿ ಅಂತ ಜಾಡಿಸಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಪೊಲೀಸರ ಮುಂದೆ, ಮ್ಯಾನೇಜರನ ಮುಂದೆ ತಗ್ಗದ ತಲೆ ಅದು. ನಾಳೆಯಿಂದ ಬರಬೇಡ ಅಂತೀಯಾ ಅಂತ ಕೇಳಿದ. ಬರದೆ ಎಲ್ಲಿ ಹೋಗ್ತೀರಿ, ಆರೂವರೆ ಅಂದರೆ ಆರೂವರೆ ಅಂದಳು ಅವಳು.

ಕೋಲು ಗೆದ್ದೆ ಅಂತ ಬೀಗಲಿಲ್ಲ, ಅದು ನಮಗೆ ಆಶ್ಚರ್ಯ. ಮುಂದಿನ ಭಾನುವಾರ ಬೀಗರ ಮನೆಗೆ ಬಂದು, ಒಂದು ಪೊಳ್ಳು ಬಂಡಿ ತುಂಬಿ ತೋರಿಸಿ ಅಂತ ಕೇಳಿಕೊಂಡನಂತೆ. ಇಬ್ಬರೂ ಕಾಲೇಜಿನ ಅಂಗಳಕ್ಕೆ ಹೋದರು. ಪೊಳ್ಳು ಒಂದೊಂದೇ ಕಲ್ಲು ಇಡುತ್ತಾ ಹೋದ, ಕೋಲು ಟಾರ್ಚು ಬಿಟ್ಟು ಸಂದಿಯಲ್ಲಿ ನೋಡುತ್ತಾ ಹೋದ. ಹಸಿ ಮಣ್ಣು ಮೆತ್ತುವುದನ್ನು ಕಂಡಾಗ ಮಾತ್ರ ನೆಲದ ಮೇಲೆ ಕೂತುಬಿಟ್ಟ. "ಥೂ ನಿಮ್ಮ," ಅಂದ, "ನಾನು ಕಿವಿ ಡಾಕ್ಟರ ಹತ್ರ ಎರಡು ಸಲ ಹೋಗಿ ಬಂದಿದೀನಿ."

ಈಗ ಆ ಅಂಗಳದಲ್ಲಿ ಎರಡನೇ ವರ್ಷದ ತಾಲೀಮು ನಡೆಯುತ್ತಿದೆ. ಹುಡುಗಿಯರು ಎಲ್ಲಿಂದಲೋ ಹಳೇ ತೂಕದ ಯಂತ್ರ ಹೊತ್ತು ತಂದಿದ್ದಾರೆ. ಬಂಡಿ ಗಟ್ಟಿಯಾಗಿ ತುಂಬಿ ಐದು ನಿಮಿಷದೊಳಗೆ ದೂಡಬೇಕು ಅನ್ನುವುದು ಅವರ ಹಟ. ಸಲಿಕೆ, ಉಸಿರು, ತೊಡೆ, ಬೆನ್ನು, ಇವೆಲ್ಲ ಮಾಮನ ಪಾಠ. ಕಲ್ಲು ಹಾಕುವುದು ಮಾತ್ರ ಅವನಿಗೆ ಅವರು ಕಲಿಸುತ್ತಿದ್ದಾರೆ. ಅವನು ದಿನಕ್ಕೊಂದು ಬಂಡಿ ತುಂಬುತ್ತಾನೆ, ತೂಗಿ ನೋಡಿದರೆ ಕಡಿಮೆ ಬರುತ್ತದೆ, ಕೆಡವಿ ಮತ್ತೆ ತುಂಬಿ ಅಂತಾರೆ. ಶಿಷ್ಯ ಮುದುಕ, ಮಂದ, ಬಾಯಿ ಜೋರು, ಆದರೆ ಒಂದು ದಿನವೂ ತಪ್ಪಿಸಿಲ್ಲ ಅಂತ ಮೀಟರ್ ವರದಿ.